ಮೈ ಮರೆಯದ ಲೆಕ್ಕ

ದಪ್ಪಗಿರುವವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗಲೂ ‘ಸ್ವಲ್ಪ ಬಾಯಿ ಕಟ್ಟಬಾರದೇ?’ ಎಂದು ಕೇಳಿಬಿಡುತ್ತಾರೆ. ಆ ಮಾತಿನೊಳಗೆ ಒಂದು ತೀರ್ಪು ಅಡಗಿದೆ: ಬೊಜ್ಜು ಬಂದದ್ದು ಮನಸ್ಸಿಗೆ ಬಿಗಿಯಿಲ್ಲದ್ದರಿಂದ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಏಕೆಂದರೆ ಬೊಜ್ಜಿನ ಲೆಕ್ಕ ಜೀವಕೋಶದೊಳಗೇ ಶುರುವಾಗುತ್ತದೆ. ಲಿವರ್‌ನ ಜೀವಕೋಶದಲ್ಲೂ ಕೊಬ್ಬಿನ ಜೀವಕೋಶದಲ್ಲೂ ಇರುವ ವಂಶವಾಹಿಗಳು ಒಂದೇ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದಷ್ಟೇ ಬೇರೆ. ಯಕ್ಷಗಾನದ ಪ್ರಸಂಗ ಅದೇ ಇದ್ದರೂ ಈ ರಾತ್ರಿ ಯಾವ ಪದ ಹಾಡಬೇಕು, ಯಾವುದನ್ನು ಬಿಡಬೇಕು ಎಂದು ಭಾಗವತರು ನಿರ್ಧರಿಸುವ ಹಾಗೆ. ಡಿಎನ್‌ಎ ಮೇಲೆ ಕೂರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು, ಪ್ರಸಂಗದ ಪುಸ್ತಕದ ಅಂಚಿಗೆ ಪೆನ್ಸಿಲಿನಲ್ಲಿ ಹಾಕಿದ ಗುರುತಿನಂತೆ. ಅಕ್ಷರ ಬದಲಾಗುವುದಿಲ್ಲ, ಆಟ ಬದಲಾಗುತ್ತದೆ. ಇಂಥ ಗುರುತುಗಳ ಅಧ್ಯಯನವೇ ಎಪಿಜೆನೆಟಿಕ್ಸ್.

2007ರಲ್ಲಿ ಎಫ್‌ಟಿಒ ಎಂಬ ವಂಶವಾಹಿಯ ಒಂದು ಬಗೆಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಅದನ್ನು ಯಾರಿಂದಲೂ ಪಡೆಯದವರಿಗಿಂತ ಸರಾಸರಿ 3 ಕಿಲೊ ಹೆಚ್ಚು ತೂಗುತ್ತಾರೆಂದು ತಿಳಿಯಿತು. ವಂಶವಾಹಿಯ ಆ ವ್ಯತ್ಯಾಸವಿದ್ದದ್ದು ಪ್ರೋಟೀನನ್ನು ಬರೆಯುವ ಭಾಗದಲ್ಲಲ್ಲ. 2015ರಲ್ಲಿ ಹೊರಬಿದ್ದ ಸಂಗತಿ ಇದು: ದೂರದ ಐಆರ್‌ಎಕ್ಸ್3, ಐಆರ್‌ಎಕ್ಸ್5 ಎಂಬ ವಂಶವಾಹಿಗಳ ಮೇಲಿನ ಕಡಿವಾಣವನ್ನು ಅದು ಸಡಿಲಿಸುತ್ತದೆ, ಆಗ ಕೊಬ್ಬನ್ನು ಉರಿಸಿ ಶಾಖ ಮಾಡಬೇಕಿದ್ದ ಕೋಶಗಳು ಕೂಡಿಡುವತ್ತ ವಾಲುತ್ತವೆ.

ಇದು ಹುಟ್ಟಿನಿಂದ ಬಂದ ಅಕ್ಷರ. ಪೆನ್ಸಿಲಿನ ಗುರುತು ಹಾಕುವುದು ಬದುಕು. 1944ರ ಕೊನೆಯಿಂದ 1945ರ ಮೇವರೆಗೆ ನಾಜಿ ಸೈನ್ಯದ ದಿಗ್ಬಂಧನದಲ್ಲಿ ಪಶ್ಚಿಮ ನೆದರ್ಲೆಂಡ್ಸ್ ಹಸಿದು ಬಸವಳಿಯಿತು. ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಮುಂದೆ ಸೈನ್ಯಕ್ಕೆ ತಪಾಸಣೆಗೆ ಬಂದ 19 ವರ್ಷದ ಸುಮಾರು 3 ಲಕ್ಷ ಯುವಕರ ದಾಖಲೆಗಳನ್ನು ಪರಿಶೀಲಿಸಿ 1976ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗರ್ಭದ ಮೊದಲರ್ಧದಲ್ಲಿ ಹಸಿವನ್ನು ಕಂಡವರಲ್ಲಿ ಬೊಜ್ಜು ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆ. ಹಸಿವು ಒಂದೇ, ಬಂದ ಹೊತ್ತು ಬೇರೆ! ಗರ್ಭ ಕಟ್ಟುವ ಹೊತ್ತಿಗೆ ಆ ಬರಗಾಲಕ್ಕೆ ಸಿಕ್ಕವರಲ್ಲಿ, ಬೆಳವಣಿಗೆಗೆ ಬೇಕಾದ ಐಜಿಎಫ್2 ವಂಶವಾಹಿಯ ಮೇಲಿನ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದದ್ದು 2008ರಲ್ಲಿ ಕಂಡುಬಂತು. ಆರು ದಶಕ ಕಳೆದರೂ ಮೈ ಮರೆತಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆ ವ್ಯತ್ಯಾಸ ಸಣ್ಣದು, ಅದೇ ಬೊಜ್ಜು ತಂದಿತೆಂದು ಸಾಬೀತಾಗಿಲ್ಲ. ದಪ್ಪಗಿರುವವರ ರಕ್ತದಲ್ಲಿ ಕಾಣುವ ಇಂಥ ಗುರುತುಗಳಲ್ಲಿ ಬಹುಪಾಲು ಬೊಜ್ಜಿನ ಕಾರಣವಲ್ಲ, ಪರಿಣಾಮ. ಆದರೆ ಪರಿಣಾಮವೂ ಮುಂದೆ ಕಾರಣವಾಗಬಲ್ಲದು. ತೂಕ ಇಳಿಸಿದ ಮೇಲೂ ಕೊಬ್ಬಿನ ಕೋಶಗಳು ಹಳೆಯ ಗುರುತುಗಳನ್ನು ಉಳಿಸಿಕೊಳ್ಳುತ್ತವೆ ಎಂದು 2024ರ ಒಂದು ಅಧ್ಯಯನ ತೋರಿಸಿತು. ಹಾಗೆ ಇಳಿದಿದ್ದ ಇಲಿಗಳು ಕೊಬ್ಬಿನ ಆಹಾರ ಸಿಕ್ಕೊಡನೆ ಬೇಗ ದಪ್ಪಗಾದವು. ಆರು ತಿಂಗಳು ಬೆವರು ಸುರಿಸಿ ಇಳಿಸಿದ್ದು ಮರಳಿ ಬಂದಾಗ ನಾಚಿಕೆಯಿಂದ ತಲೆ ತಗ್ಗಿಸುವವರಿಗೆ ಯಾರಾದರೂ ಇದನ್ನು ಹೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ತಪ್ಪು ತಿನ್ನುವವನದಲ್ಲ ಎಂದಾದೊಡನೆ ಬೆರಳು ಹೆತ್ತವಳತ್ತ ತಿರುಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಮಿಷನ್ ಆಸ್ಪತ್ರೆ, ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸಿದೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಇದನ್ನು ಓದಿ ಆ ತಾಯಿಯನ್ನು ದೂರುವುದು ಅನ್ಯಾಯ. ಅವಳ ಮೈಯನ್ನು ರೂಪಿಸಿದ ಹೊಟ್ಟೆಯೂ ಒಂದಿತ್ತು. ಆ ಹೊಟ್ಟೆಗೆ ಎಷ್ಟು ಮುದ್ದೆ ಸಿಕ್ಕಿತ್ತು, ಎಷ್ಟು ಮೈಮುರಿಯುವ ದುಡಿಮೆ ಇತ್ತು ಎಂದು ಯಾರೂ ಬರೆದಿಟ್ಟಿಲ್ಲ.

ಹಾಗಾಗಿ ಬೊಜ್ಜಿನ ಚರ್ಚೆ ಜಿಮ್ಮಿನ ಬಾಗಿಲಲ್ಲಿ ನಿಲ್ಲಬಾರದು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮಲ್ಲಿ 2017ರಲ್ಲಿ ಶುರುವಾಯಿತು. ಆ ತಟ್ಟೆಯ ಮೊಟ್ಟೆ, ಕಾಳು, ಸೊಪ್ಪು ಈ ಹೊತ್ತಿನ ಹಸಿವೆಗಷ್ಟೇ ಅಲ್ಲ, ಇನ್ನು ನಲವತ್ತು ವರ್ಷದ ಮೇಲಿನ ಒಂದು ಮೈಗೂ ಸೇರಿದ್ದು.