ಮೆಟ್ಟಿಲ ದೀಪ ಎಷ್ಟು ಹೊತ್ತು ಉರಿದೀತು?

ನಾನಿರುವ ಆಂಟಾಪ್ ಹಿಲ್‌ನಲ್ಲಿ ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳ ಆಸುಪಾಸಿನಲ್ಲೇ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವಂತಿಲ್ಲ. ಕರೆಂಟೂ ಹೋದರೆ ಮೆಟ್ಟಿಲಿನ ತುರ್ತು ದೀಪವೇ ಗತಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಕನಿಷ್ಠ 90 ನಿಮಿಷ ಉರಿಯಬೇಕು.

ಮಹಾರಾಷ್ಟ್ರದ 2006ರ ಕಾಯ್ದೆಯಂತೆ, ಅಗ್ನಿ ಸುರಕ್ಷತಾ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ‘ಫಾರ್ಮ್ ಬಿ’ಯನ್ನು ಪ್ರತಿ ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು. ಆದರೆ ಕಡತದಲ್ಲಿರುವ ಕಾಗದ ದಾರಿ ತೋರದು. ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ. ಹಸಿರು ಇಂಡಿಕೇಟರ್ ನೋಡಿದರೆ ಅದು ಎಷ್ಟು ಹೊತ್ತು ಬಾಳುತ್ತದೆಂದು ತಿಳಿಯುವುದಿಲ್ಲ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ದುರಂತದಲ್ಲಿ 9 ಮಂದಿ ಸತ್ತರು. ಹೊಗೆಗೆ ಸಿಕ್ಕಿ ಕೆಲವರು ಕಿಟಕಿಯಿಂದ ಹಾರಿದರು. ಹಗಲಲ್ಲೇ ಹೀಗಾದರೆ ನಡುರಾತ್ರಿಯ ಗತಿಯೇನು?

ಪರೀಕ್ಷೆ ಕಷ್ಟದ್ದಲ್ಲ. ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ತುರ್ತು ದೀಪಗಳಿಗೆ ಬರುವ ಕರೆಂಟನ್ನು ಕಡಿತಗೊಳಿಸಿ ಎಲ್ಲ ಮಹಡಿ ಸುತ್ತಲಿ. ವರ್ಷಕ್ಕೊಮ್ಮೆ, ಹಗಲಲ್ಲಿ, ಪೂರ್ತಿ 90 ನಿಮಿಷ ಉರಿಸಿ ನೋಡಲಿ. ಆರಿದ ದೀಪದ ಬ್ಯಾಟರಿ ಬದಲಿಸಿ, ದಿನಾಂಕ ಬರೆದಿಡಲಿ.

ನಮ್ಮಲ್ಲಿ ಬಹಳಷ್ಟು ಮಂದಿ ಬಾಡಿಗೆದಾರರು, ಸೊಸೈಟಿ ಸಭೆಯಲ್ಲಿ ನಮಗೆ ಮತವಿಲ್ಲ. ಆದರೂ ಓಡಬೇಕಾದ ಮೆಟ್ಟಿಲು ಅದೇ. ಕಾರ್ಯದರ್ಶಿಯನ್ನು ಈ ವಾರವೇ ಕೇಳಿ: ಕೊನೆಯ ಪರೀಕ್ಷೆ ಯಾವತ್ತು ಆಯಿತು?