ಅಪ್ಪನಿಗೆ ಮೈಲೇಜು, ಮಗನಿಗೆ ಪಿಕಪ್ಪು

ಪಾಂಡವಪುರದಿಂದ ಚಿನಕುರಳಿ ಮಾರ್ಗವಾಗಿ ಕೆ.ಆರ್. ಪೇಟೆಗೆ ಹೋಗುವ ರಸ್ತೆಯ ಬದಿಯಲ್ಲೊಂದು ಗ್ಯಾರೇಜು. ಸೋಮವಾರ ಅಲ್ಲಿಗೆ 100 ಸಿಸಿಯ ಹಳೆಯ ಬೈಕೊಂದು ಬಂತು. ತಂದವರು ಹಿಂದಿನ ಸೀಟಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿದ್ದ ಯಜಮಾನರು. "ಪೆಟ್ರೋಲು ಸಿಕ್ಕಾಪಟ್ಟೆ ಕುಡೀತದೆ ಕಣಪ್ಪ. ಒಸಿ ಟೈಟ್ ಮಾಡು" ಎಂದರು. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಕಳಿಸಿದ.

ಬುಧವಾರ ಅದೇ ಬೈಕು ಮತ್ತೆ ಬಂತು. ಈ ಸಲ ತಂದವನು ನಾಗಮಂಗಲದ ಕಾಲೇಜಿನಲ್ಲಿ ಡಿಗ್ರಿ ಮೊದಲ ವರ್ಷ ಓದುವ ಮಗ. "ಅಣ್ಣ, ಗಾಡಿಗೆ ಪಿಕಪ್ಪೇ ಇಲ್ಲ. ಮೇಲುಕೋಟೆ ಬೆಟ್ಟ ಹತ್ತಬೇಕಾದ್ರೆ ಉಸಿರು ಕಟ್ಟುತ್ತೆ. ದೊಡ್ಡ ಗಾಡೀದು ಕಾರ್ಬುರೇಟರ್ ಹಾಕ್ಕೊಡು." ಮೆಕ್ಯಾನಿಕ್ ನಕ್ಕ. "ನಿಮ್ಮಪ್ಪ ಮೊನ್ನೆ ಬಿಗಿ ಮಾಡಿಸ್ಕೊಂಡು ಹೋದ್ರು, ನೀನು ಇವತ್ತು ಬಾಯಿ ಅಗಲ ಮಾಡು ಅಂತೀಯ. ಗಾಡಿ ಯಾರ ಮಾತು ಕೇಳ್ಬೇಕು?"

ಈ ಪ್ರಶ್ನೆಗೆ ಪಿಯುಸಿಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಗಾಡಿ ಅಪ್ಪನ ಮಾತನ್ನೂ ಕೇಳುವುದಿಲ್ಲ, ಮಗನ ಮಾತನ್ನೂ ಕೇಳುವುದಿಲ್ಲ. ಅದು ಕೇಳುವುದು ತೂಕದ ಲೆಕ್ಕವನ್ನು. (ನಮ್ಮ ಕಡೆಯ ಅನೇಕ ಗ್ಯಾರೇಜುಗಳಲ್ಲಿ ಕಾರ್ಬುರೇಟರನ್ನು 'ಕಾರ್ಪೊರೇಟರ್' ಎನ್ನುವುದುಂಟು. ಬಿಚ್ಚಿ ತೊಳೆದರೆ ಸರಿಹೋಗುವುದು ಇದೊಂದೇ ಕಾರ್ಪೊರೇಟರ್ ಎಂಬ ನಗೆಮಾತೂ ಚಾಲ್ತಿಯಲ್ಲಿದೆ.)

ಪೆಟ್ರೋಲು ತಾನೊಂದೇ ಉರಿಯದು, ಗಾಳಿಯ ಆಮ್ಲಜನಕ ಬೇಕು. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದಷ್ಟು. ಹಾಗಾದರೆ ಗಾಳಿ ಹನ್ನೊಂದು ಕಿಲೋ! ಮಂಡ್ಯ ಸೀಮೆಯ ಎತ್ತರದಲ್ಲಿ ಅಷ್ಟು ಗಾಳಿ ಹತ್ತು ಸಾವಿರ ಲೀಟರಿನಷ್ಟು ಜಾಗ ಹಿಡಿಯುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯೆಲ್ಲ ಮೂರು ಲೀಟರ್ ಪೆಟ್ರೋಲಿಗೂ ಸಾಲದು. ಟ್ಯಾಂಕು ತುಂಬಿಸುವಾಗ ನಾವು ಪೆಟ್ರೋಲಿನ ಲೆಕ್ಕ ಮಾತ್ರ ಇಡುತ್ತೇವೆ, ಏಕೆಂದರೆ ಗಾಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ.

ಈ ಎರಡನ್ನೂ ಓಡುವ ಗಾಡಿಯಲ್ಲಿ ಕ್ಷಣಕ್ಷಣಕ್ಕೂ ತೂಗಿ ಬೆರೆಸುವ ತಕ್ಕಡಿಯೇ ಕಾರ್ಬುರೇಟರು. ತೂಗುವ ಉಪಾಯ ಸರಳ. ವಿಶ್ವೇಶ್ವರಯ್ಯ ನಾಲೆಯ ನೀರು ಅಗಲವಾದೆಡೆ ಸಾವಕಾಶವಾಗಿ ಹರಿದು, ಕಿರಿದಾದೆಡೆ ರಭಸಗೊಳ್ಳುವುದನ್ನು ನೋಡಿದ್ದೀರಷ್ಟೆ. ಕಾರ್ಬುರೇಟರಿನ ಗಂಟಲೂ ನಡುವೆ ಕಿರಿದು. ಎಂಜಿನ್ ಎಳೆದುಕೊಂಡ ಗಾಳಿ ಅಲ್ಲಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. 1738ರಲ್ಲಿ ಡೇನಿಯಲ್ ಬರ್ನೂಲಿ ತನ್ನ ಗ್ರಂಥದಲ್ಲಿ ವಿವರಿಸಿದ ತತ್ವವಿದು. ಗಂಟಲಿನ ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಪೂರ್ತಿ ಒತ್ತಡವಿರುತ್ತದೆ. ಅದು ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಪೆಟ್ರೋಲು ಹನಿಹನಿಯಾಗಿ ಒಡೆದು ಗಾಳಿಯೊಡನೆ ಸೇರುತ್ತದೆ.

ಮನೆಯಲ್ಲೇ ನೋಡಬಹುದು. ಲೋಟದ ಅಂಚಿನವರೆಗೆ ಬಣ್ಣದ ನೀರು ತುಂಬಿ. ಜ್ಯೂಸ್ ಕುಡಿಯುವ ಕೊಳವೆಯ ತುಂಡೊಂದನ್ನು ಅದರಲ್ಲಿ ನೆಟ್ಟಗೆ ಹಿಡಿಯಿರಿ, ತುದಿ ನೀರಿನಿಂದ ಎರಡು ಸೆಂಟಿಮೀಟರ್ ಮೇಲಿರಲಿ. ಇನ್ನೊಂದು ಕೊಳವೆಯನ್ನು ಅಡ್ಡ ಹಿಡಿದು ಮೊದಲನೆಯದರ ಬಾಯಿಗೆ ಸರಿಯಾಗಿ ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಸಿಡಿಯುತ್ತದೆ. ಅಮ್ಮನ ಸೀರೆ ದೂರವಿದ್ದರೆ ಒಳ್ಳೆಯದು. ಹಂಗೆರಿಯ ಡೊನಾತ್ ಬಾಂಕಿ ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವ ಹುಡುಗಿ ಹೀಗೆ ಊದಿ ಹೂವಿಗೆ ನೀರು ಚಿಮುಕಿಸುತ್ತಿದ್ದುದನ್ನು ಕಂಡು ಕಾರ್ಬುರೇಟರಿನ ಉಪಾಯ ಕಂಡುಕೊಂಡ ಎಂಬ ಕತೆಯುಂಟು. ಕತೆ ಹೇಗೇ ಇರಲಿ, ಅವನೂ ಯಾನೋಶ್ ಚೋಂಕನೂ ಅದಕ್ಕೆ ಪೇಟೆಂಟ್ ಪಡೆದದ್ದು 1893ರಲ್ಲಿ.

ಈಗ ಅಪ್ಪನ ವಿಷಯಕ್ಕೆ ಬರೋಣ. 'ಟೈಟ್' ಮಾಡಿದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು, ಮಿಶ್ರಣ ತೆಳುವಾಗುತ್ತದೆ. ಸ್ವಲ್ಪ ತೆಳುವಾದರೆ ಮೈಲೇಜು ನಿಜವಾಗಿಯೂ ಹೆಚ್ಚುತ್ತದೆ, ಸುಳ್ಳಲ್ಲ. ಆದರೆ ಮಿತಿ ದಾಟಿದರೆ ಉರಿ ನಿಧಾನವಾಗಿ, ಎಂಜಿನ್ ಕಾವೇರಿ, ಎಕ್ಸಿಲರೇಟರ್ ತಿರುವಿದೊಡನೆ ಗಾಡಿ ಮುಗ್ಗರಿಸುತ್ತದೆ. ಸವಾರ ಇನ್ನಷ್ಟು ತಿರುವುತ್ತಾನೆ, ಗೇರು ಇಳಿಸುತ್ತಾನೆ. ಉಳಿಸಿದ ಪೆಟ್ರೋಲು ಅಲ್ಲೇ ಖರ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ಓಡಿಸಿದ ಹಿರಿಯರಿಗೆ ಇದರ ಇನ್ನೂ ಕಹಿಯಾದ ರೂಪ ಗೊತ್ತಿದೆ. ಅವು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು. ಪೆಟ್ರೋಲು ಬಿಗಿ ಮಾಡಿದರೆ ಪಿಸ್ಟನ್ನಿಗೆ ಹೋಗುವ ಎಣ್ಣೆಯೂ ಬಿಗಿ. ಒಂದು ದಿನ ಓಟದ ನಡುವೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತಿತ್ತು.

ಮಗನ ಆಸೆಯಲ್ಲಿ ತಪ್ಪೇನಿಲ್ಲ, ಲೆಕ್ಕದಲ್ಲಿ ತಪ್ಪಿದೆ. ಅವನ ಎಂಜಿನ್ನಿನ ಗಾತ್ರ 97.2 ಸಿಸಿ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಉಸಿರು ಎಳೆಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗಿದರೆ 3000 ಉಸಿರು. ಒಟ್ಟು ಹೆಚ್ಚೆಂದರೆ 290 ಲೀಟರ್ ಗಾಳಿ. ಬಾಗಿಲು ಎಷ್ಟೇ ಅಗಲವಿರಲಿ, ಸಿಲಿಂಡರಿನಲ್ಲಿ ಹಿಡಿಸುವುದು ಅಷ್ಟೇ. 16 ಮಿಲಿಮೀಟರ್ ಗಂಟಲಿನ ಕಾರ್ಬುರೇಟರ್ ತೆಗೆದು 24 ಮಿಲಿಮೀಟರಿನದು ಹಾಕಿದನೆಂದುಕೊಳ್ಳಿ. ಗಂಟಲಿನ ವಿಸ್ತೀರ್ಣ 2.25 ಪಟ್ಟಾಯಿತು. ಅಷ್ಟೇ ಗಾಳಿ ಅಷ್ಟು ಅಗಲದಲ್ಲಿ ಹೋಗುವಾಗ ವೇಗ ಒಂಬತ್ತರಲ್ಲಿ ನಾಲ್ಕು ಭಾಗಕ್ಕೆ ಇಳಿಯಿತು. ಒತ್ತಡದ ಇಳಿತ ವೇಗದ ವರ್ಗಕ್ಕೆ ಅನುಗುಣ. ಅದು 81ರಲ್ಲಿ 16 ಪಾಲು, ಅಂದರೆ ಐದರಲ್ಲೊಂದು ಪಾಲಷ್ಟೇ ಉಳಿಯಿತು. ಪೆಟ್ರೋಲನ್ನು ಮೇಲೆತ್ತುವ ಬಲವೇ ಸೊರಗಿತು. ಹನಿಗಳು ದಪ್ಪ, ಮಿಶ್ರಣ ಏರುಪೇರು, ಕಡಿಮೆ ವೇಗದಲ್ಲಿ ಗಾಡಿ ಮೊದಲಿಗಿಂತ ಮಂದ. ಬೆಟ್ಟ ಹತ್ತಲು ಬೇಕಾದ ಶಕ್ತಿಯೇ ಅಲ್ಲಿ ಹೋಯಿತು. ರೇಸಿನ ಗಾಡಿಗಳಲ್ಲಿ ದೊಡ್ಡ ಕಾರ್ಬುರೇಟರ್ ಕೆಲಸ ಮಾಡುವುದು ನಿಜ. ಅಲ್ಲಿ ವಾಲ್ವು, ಕ್ಯಾಮು, ಸೈಲೆನ್ಸರು ಎಲ್ಲವನ್ನೂ ಜೊತೆಗೆ ಬದಲಿಸಿ ಎಂಜಿನ್ನಿನ ಉಸಿರನ್ನೇ ಹೆಚ್ಚಿಸಿರುತ್ತಾರೆ.

ಹಾಗಾದರೆ ಇಬ್ಬರ ದೂರೂ ಬರಿಯ ಭ್ರಮೆಯೇ? ಅಲ್ಲ. ಮೈಲೇಜೂ ಇಳಿದಿರಬಹುದು, ಪಿಕಪ್ಪೂ ಇಳಿದಿರಬಹುದು. ಕಾರಣ ಅವರ ಹೊಲದಲ್ಲೇ ಬೆಳೆದು ನಿಂತಿರಲೂ ಸಾಧ್ಯ.

ಮಂಡ್ಯ ಕಬ್ಬಿನ ಜಿಲ್ಲೆ. 1933ರಲ್ಲಿ ಮೈಷುಗರ್ ಕಾರ್ಖಾನೆ ಇಲ್ಲಿ ಶುರುವಾಯಿತು. ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಇನ್ನೊಂದು ಆಮೇಲೆ ಬಂದವು. ಕಬ್ಬಿನ ರಸದಿಂದಲೂ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಎಥನಾಲ್ ತಯಾರಿಸಬಹುದು. ಈಚೆಗೆ ಮೆಕ್ಕೆಜೋಳ, ಅಕ್ಕಿಯಿಂದಲೂ ತಯಾರಿಸುತ್ತಾರೆ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ 'ಇ20' ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. 2025ರ ಹೊತ್ತಿಗೆ ಅದು ದೇಶದ ಬಂಕುಗಳನ್ನೆಲ್ಲ ತುಂಬಿತು. ಆಮದು ತೈಲದ ಖರ್ಚು ಉಳಿಯಿತು, ಕಬ್ಬಿಗೂ ಒಂದು ದಾರಿಯಾಯಿತು. ಅದು ಒಳ್ಳೆಯದೇ. ಆದರೆ ಹಳೆಯ ಕಾರ್ಬುರೇಟರಿಗೆ ಈ ಸಮಾಚಾರ ಯಾರೂ ತಿಳಿಸಲಿಲ್ಲ.

ಎಥನಾಲ್ ಅಣುವಿನಲ್ಲಿ ಆಮ್ಲಜನಕ ಮೊದಲೇ ಇದೆ, ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆದ್ದರಿಂದ ಒಂದು ಗ್ರಾಂ ಎಥನಾಲಿಗೆ ಒಂಬತ್ತು ಗ್ರಾಂ ಗಾಳಿ ಸಾಕು. ಇ20ಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಗ್ರಾಂ. ಅಳೆಯುವ ಸೇರು ಮಾತ್ರ ಹಳೆಯದೇ, ಕಾರ್ಬುರೇಟರು 14.7ರ ಅಂದಾಜಿನಲ್ಲೇ ಗಾಳಿ ಕೊಡುತ್ತಿರುತ್ತದೆ. ಮಿಶ್ರಣ ನೂರಕ್ಕೆ ಎಂಟರಷ್ಟು ತಾನಾಗಿಯೇ ತೆಳುವಾಯಿತು. ಅದರ ಮೇಲೆ ಅಪ್ಪ ಬೇರೆ ಸ್ಕ್ರೂ ಬಿಗಿ ಮಾಡಿಸಿದರು! ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಪಾಲಷ್ಟೇ ಆದ್ದರಿಂದ ಮೈಲೇಜಿನಲ್ಲಿ ಸ್ವಲ್ಪ ಇಳಿತ ತಪ್ಪದು, ಅದನ್ನು ಯಾವ ಸ್ಕ್ರೂವೂ ಮರಳಿ ತರದು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದು ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂತು. ಅವುಗಳ ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇದ್ದು ಗಾಡಿ ತಾನೇ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಹಳೆಯದಕ್ಕೆ ಆ ಸೆನ್ಸರ್ ನಾವೇ ಆಗಬೇಕು.

ಮೊದಲು ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್ಗು. ತುದಿ ಬಿಸ್ಕತ್ತಿನ ಕಂದು ಬಣ್ಣಕ್ಕಿದ್ದರೆ ಮಿಶ್ರಣ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಾಗಿದ್ದರೆ ಕಡಿಮೆ. ಸೀಸ ತೆಗೆದ, ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಬಣ್ಣ ಹಿಂದಿಗಿಂತ ತಿಳಿಯಾಗಿಯೇ ಇರುವುದರಿಂದ ಪೂರ್ತಿ ಬಿಳುಪಾದರಷ್ಟೇ ಚಿಂತಿಸಿ. ಏರ್ ಫಿಲ್ಟರ್ ತೊಳೆದೋ ಬದಲಿಸಿಯೋ ನೋಡದೆ ಸ್ಕ್ರೂ ಮುಟ್ಟುವುದು ವ್ಯರ್ಥ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿದ ಫಿಲ್ಟರೇ ಅರ್ಧ ದೂರಿಗೆ ಕಾರಣ. ಎಥನಾಲ್ ನೀರು ಹೀರುವ ವಸ್ತು. ವಾರಗಟ್ಟಲೆ ನಿಂತ ಗಾಡಿಯ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಕಲಬೆರಕೆ ನೀರನ್ನು ಹೊರಬಿಡಬೇಕು. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ನಿಂತಾಗಿನ ಓಟ ಸರಿಪಡಿಸುವ ಸ್ಕ್ರೂ ಎರಡು ಬಗೆಯದು. ಏರ್ ಫಿಲ್ಟರಿನ ಬದಿಗಿದ್ದರೆ ಅದು ಗಾಳಿಯ ಸ್ಕ್ರೂ. ಬಿಗಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಟ್ಟವಾಗುತ್ತದೆ. ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲಿನದು, ಬಿಗಿದರೆ ತೆಳುವಾಗುತ್ತದೆ. ಇದು ತಿಳಿಯದೆ 'ಟೈಟ್ ಮಾಡು' ಎಂದರೆ ಕೇಳಿದ್ದಕ್ಕೆ ವಿರುದ್ಧವೇ ಆಗಬಹುದು. ಎಂಜಿನ್ ಬಿಸಿಯಾದ ಮೇಲೆ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಎಲ್ಲಿ ಸದ್ದು ಅತಿ ಚುರುಕಾಗಿ, ಸಮವಾಗಿ ಕೇಳುವುದೋ ಅಲ್ಲಿ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ ವೇಗ ಇಳಿಸುವುದು ಕ್ರಮ. ಆದರೆ ಈ ಸ್ಕ್ರೂ ಆಳುವುದು ನಿಧಾನದ ಓಟವನ್ನು ಮಾತ್ರ. ಅರ್ಧ ಎಕ್ಸಿಲರೇಟರಿನಲ್ಲಿ ಸೂಜಿಯ ಎತ್ತರ, ಪೂರ್ತಿ ತಿರುವಿದಾಗ ಮೇನ್ ಜೆಟ್ಟು ಲೆಕ್ಕ ನೋಡುತ್ತವೆ. ಹಾಲಿನ ಕ್ಯಾನು ಹೊತ್ತು ಓಡುವ ಗಾಡಿ ಹೆಚ್ಚಾಗಿ ಸೂಜಿಯ ಆಳ್ವಿಕೆಯಲ್ಲೇ ಇರುತ್ತದೆ.

ಜೆಟ್ಟಿನ ಸೂಕ್ಷ್ಮ ನೋಡಿ. ಕೆಲವು ಕಂಪನಿಗಳು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಜೆಟ್ಟಿನ ಮೇಲೆ ಕೆತ್ತಿರುತ್ತವೆ. 78 ಎಂದರೆ 0.78 ಮಿಲಿಮೀಟರ್. ನೂರಕ್ಕೆ ಎಂಟರಷ್ಟು ಹೆಚ್ಚು ಪೆಟ್ರೋಲು ಬೇಕಾದರೆ 81 ಸಾಕು. ವ್ಯತ್ಯಾಸ 0.03 ಮಿಲಿಮೀಟರ್, ತಲೆಗೂದಲಿನ ಅರ್ಧ ದಪ್ಪವೂ ಇಲ್ಲ! ಹೀಗಿರುವಾಗ ಕಟ್ಟಿಕೊಂಡ ಜೆಟ್ಟಿಗೆ ತಂತಿ ತೂರಿಸಿ ಕೆರೆಯುವುದೆಂದರೆ ಚಿನ್ನದ ತಕ್ಕಡಿಗೆ ಸೈಜುಗಲ್ಲು ಹಾಕಿದಂತೆ. ಗಾಳಿ ಹೊಡೆದು ತೆಗೆಯಬೇಕು.

ಆ ಗ್ಯಾರೇಜಿನ ಹುಡುಗ ಕೊನೆಗೆ ದೊಡ್ಡ ಕಾರ್ಬುರೇಟರ್ ಹಾಕಿಸಲಿಲ್ಲ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ, ಸುಣ್ಣದ ಹರಳಿನಂತಿತ್ತು. ಶ್ರೀರಂಗಪಟ್ಟಣದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಒಂದು ಮೆಟ್ಟಿಲು ದೊಡ್ಡ ಜೆಟ್ಟು ತರಿಸಿದರು, ಸೋಮವಾರ ಬಿಗಿದ ಸ್ಕ್ರೂವನ್ನು ಹಿಂದಕ್ಕೆ ತಂದರು, ಫಿಲ್ಟರ್ ಬದಲಿಸಿದರು. ಭಾನುವಾರ ಅಪ್ಪ, ಮಗ ಇಬ್ಬರೂ ಕೂತು ಜಕ್ಕನಹಳ್ಳಿ ಕ್ರಾಸಿನಿಂದ ಮೇಲುಕೋಟೆ ಹತ್ತಿದರು. ತಿರುವುಗಳಲ್ಲಿ ಗಾಡಿ ಮುಗ್ಗರಿಸಲಿಲ್ಲ. ಮೇಲೆ ಹೋಗಿ ಎಂಜಿನ್ ತಣಿದ ಮೇಲೆ ಮಗ ಪ್ಲಗ್ ಬಿಚ್ಚಿ ಅಪ್ಪನ ಕೈಗೆ ಕೊಟ್ಟ. ಯಜಮಾನರು ಕಣ್ಣಿನ ಹತ್ತಿರ ಹಿಡಿದು ನೋಡಿ, "ಕಂದು ಅದೆ ಕಣೋ" ಎಂದರು. ಆಮೇಲೆ ಕೇಳಿದರು, "ಈಗ ಲೀಟ್ರಿಗೆ ಎಷ್ಟು ಕೊಡ್ತದೆ?"