ಅಪ್ಪಣೆಯಿಲ್ಲದೆ ಓಡುವ ಚಿತ್ರಗಳು

ಮನೆಗೆ ಬಂದವರು ಬಾಗಿಲಲ್ಲಿ ನಿಂತು ಕೂಗುವುದು, ಒಳಗಿನವರು ಬನ್ನಿ ಎಂದ ಮೇಲೆ ಹೊಸ್ತಿಲು ದಾಟುವುದು ನಮ್ಮಲ್ಲಿ ನಡೆದುಬಂದ ರೀತಿ. ಅಂತರಜಾಲದ ಪುಟಗಳಿಗೆ ಈ ಮರ್ಯಾದೆ ತಿಳಿಯದು. ಸುದ್ದಿಯೊಂದನ್ನು ಓದಲೆಂದು ಪುಟ ತೆರೆದೊಡನೆ ಮೂಲೆಯಲ್ಲಿ ಜಾಹೀರಾತಿನ ವಿಡಿಯೋ ತಾನಾಗಿಯೇ ಓಡತೊಡಗುತ್ತದೆ. ಕಣ್ಣು ಅಕ್ಷರದ ಮೇಲೆ ನಿಲ್ಲದು. ಗಣಕಯಂತ್ರ ಹಳೆಯದಾಗಿದ್ದರೆ ಬಿಸಿಯೇರಿ ತಡವರಿಸುತ್ತದೆ.

ಓದುಗ ಬಂಧುಗಳು ಇದನ್ನು ಕೇವಲ ಕಿರಿಕಿರಿಯೆಂದು ತಳ್ಳಿಹಾಕಬಾರದು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹರಿಯುವ ವಿಡಿಯೋ ನಿಮಿಷಕ್ಕೆ 15 ಮೆಗಾಬೈಟ್ ಡೇಟಾ ನುಂಗುತ್ತದೆ. ದಿನಕ್ಕೆ 1 ಜಿಬಿ ಡೇಟಾದಲ್ಲಿ ಸಂಸಾರ ತೂಗಿಸುವ ಮನೆಯಲ್ಲಿ ಅದು ಒಂದು ಗಂಟೆಯ ಮೇಲೆ ಏಳೆಂಟು ನಿಮಿಷದ ಬಾಳು. ಸಂಜೆ ಮಗಳು ಪಾಠ ಕೇಳಲು ಕುಳಿತಾಗ ಡೇಟಾ ತೀರಿದೆಯೆಂದರೆ, ಅದನ್ನು ತಿಂದವರು ಯಾರೆಂದು ಮನೆಯವರಿಗೆ ಗೊತ್ತೇ ಆಗದು.

ಈ ಪೀಡೆ ಹೊಸದಲ್ಲ. ಹಿಂದೆ ಫ್ಲ್ಯಾಶ್ ಎಂಬ ತಂತ್ರಾಂಶವಿತ್ತು. ಮಕ್ಕಳ ಆಟ, ಚಲಿಸುವ ಚಿತ್ರ ಮೊದಲಾದ ಒಳ್ಳೆಯವೂ ಅದರಿಂದ ಬಂದವು ಎಂಬುದನ್ನು ಮರೆಯಲಾಗದು. ಆದರೆ ಜಾಹೀರಾತಿನವರ ಕೈಗೆ ಸಿಕ್ಕು ಅದು ಯಂತ್ರಕ್ಕೆ ಭಾರವಾಯಿತು. ಆಗ ಫೈರ್‌ಫಾಕ್ಸ್ ಬ್ರೌಸರಿಗೆ ಫ್ಲ್ಯಾಶ್‌ಬ್ಲಾಕ್ ಎಂಬ ಪುಟ್ಟ ಸಹಾಯಕ ತಂತ್ರಾಂಶ ಸಿದ್ಧವಾಯಿತು. ಚಿತ್ರವಿರಬೇಕಾದ ಜಾಗದಲ್ಲಿ ಅದು ಖಾಲಿ ಚೌಕವನ್ನಷ್ಟೇ ತೋರಿಸುತ್ತಿತ್ತು. ಬೇಕೆಂದವರು ಅದರ ಮೇಲೆ ಒತ್ತಿದರೆ ಚಿತ್ರ ಓಡುತ್ತಿತ್ತು. ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ನಾವು ಕಾಣೆವು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲವನ್ನು ನಿಲ್ಲಿಸಿತು. ಅಷ್ಟರಲ್ಲಿ ಬ್ರೌಸರುಗಳೇ ನೇರವಾಗಿ ವಿಡಿಯೋ ತೋರಿಸಲು ಕಲಿತಿದ್ದವು. ಫ್ಲ್ಯಾಶ್ ಹೋದರೂ ಪೀಡೆ ಉಳಿಯಿತು.

2018ರಲ್ಲಿ ಕ್ರೋಮ್, 2019ರಲ್ಲಿ ಫೈರ್‌ಫಾಕ್ಸ್ ತಾವಾಗಿಯೇ ಓಡುವ ವಿಡಿಯೋಗಳಿಗೆ ಕಡಿವಾಣ ಹಾಕಿದವು. ಇಲ್ಲಿಯೇ ಎಚ್ಚರ ಬೇಕು. ಅವು ತಡೆದದ್ದು ಸದ್ದಿನೊಡನೆ ಓಡುವ ವಿಡಿಯೋವನ್ನು ಮಾತ್ರ. ಸದ್ದಿಲ್ಲದೆ ಓಡುವುದಕ್ಕೆ ಅಡ್ಡಿಯಿಲ್ಲ. ಜಾಹೀರಾತಿನವರು ಬಾಯಿ ಮುಚ್ಚಿಸಿ ಚಿತ್ರವನ್ನು ಒಳಗೆ ಕಳುಹಿಸಿದರು. ಕಿವಿಗೆ ನೆಮ್ಮದಿಯಾದ ಮಾತ್ರಕ್ಕೆ ಡೇಟಾ ಉಳಿಯಿತೆಂದು ತಿಳಿಯುವುದು ಭ್ರಮೆ.

ಫೈರ್‌ಫಾಕ್ಸ್ ಬಳಸುವವರಿಗೆ ಪರಿಹಾರ ಸುಲಭವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಎಂಬುದನ್ನು ಹುಡುಕಿ, ‘ಬ್ಲಾಕ್ ಆಡಿಯೋ’ ಎಂದಿರುವಲ್ಲಿ ‘ಬ್ಲಾಕ್ ಆಡಿಯೋ ಅಂಡ್ ವಿಡಿಯೋ’ ಎಂದು ಆರಿಸತಕ್ಕದ್ದು. ಅದೇ ಬ್ರೌಸರಿಗೆ ಯುಬ್ಲಾಕ್ ಆರಿಜಿನ್ ಎಂಬ ಸಹಾಯಕ ತಂತ್ರಾಂಶವನ್ನು ಸೇರಿಸಿಕೊಂಡರೆ ಜಾಹೀರಾತುಗಳಲ್ಲಿ ಬಹುಪಾಲು ಮನೆಯ ತನಕ ಬರುವುದೇ ಇಲ್ಲ. ಅಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸ್‌ಗೂ ಅದು ದೊರೆಯುತ್ತದೆ. ಪತ್ರಿಕೆಗಳು ಜಾಹೀರಾತಿನಿಂದ ಬದುಕುತ್ತವೆ, ಅದನ್ನು ತಡೆಯುವುದು ಸರಿಯೇ ಎಂದು ಕೆಲವರು ಕೇಳುವುದುಂಟು. ಸುಮ್ಮನೆ ನಿಂತಿರುವ ಜಾಹೀರಾತಿಗೆ ನಮ್ಮ ತಕರಾರಿಲ್ಲ. ನಮ್ಮ ಗಂಟಿನಿಂದ ಕೇಳದೆ ಖರ್ಚುಮಾಡುವುದಕ್ಕೆ ಮಾತ್ರ ತಕರಾರು.

ಮನೆಯ ಹಿರಿಯರು ನಿತ್ಯವೂ ಒಂದು ತಾಣದಲ್ಲಿ ಪ್ರವಚನ ಕೇಳುವವರಾಗಿದ್ದರೆ, ಆ ಪುಟವನ್ನು ತೆರೆದು ವಿಳಾಸಪಟ್ಟಿಯ ಎಡಬದಿಯ ಗುರುತನ್ನು ಒತ್ತಿ, ಆ ಒಂದು ತಾಣಕ್ಕಷ್ಟೇ ಅನುಮತಿ ಕೊಡಬಹುದು.